ಫರಸಿ, ಟೈಲ್ಸ್, ಹೆಂಡಿ ನೆಲ

ಟಿಕೋಟಾದ ನನ್ನ ತವರುಮನೆಯಲ್ಲಿ ಪಡಸಾಲೆಗೂ ನಡುಮನೆಗೂ ನಡುವೆ ಒಂದು ಹೊಸ್ತಿಲಿದೆ. ಸಾಗವಾನಿ ಕಟ್ಟಿಗೆಯದು. ಮೂರು ಬೆರಳು ಎತ್ತರ. ಮೂರು ತಲೆಮಾರಿನ ಕಾಲು ತಾಕಿ ನಟ್ಟನಡುವೆ ಸವೆದು ತುಸು ತಗ್ಗಾಗಿದೆ. ಫೆಬ್ರುವರಿಯ ಒಂದು ಮುಂಜಾನೆ ಕಸ ಹೊಡೆಯುವ ಯಂತ್ರ ಆ ಹೊಸ್ತಿಲ ತನಕ ಬಂತು, ಮುಟ್ಟಿತು, ಹಿಂದೆ ಸರಿಯಿತು. ಎಡಕ್ಕೆ ಸರಿದು ಮತ್ತೆ ಮುಟ್ಟಿತು. ಮೂರನೆಯ ಸಲ ಸವೆದ ತಗ್ಗು ಸಿಕ್ಕಿತು. ಮುಂದಿನ ಅಂಚು ಎತ್ತಿ ಅರ್ಧ ಏರಿತು, ಗಾಲಿಗಳು ಗರಗರ ತಿರುಗಿದವು, ಜಾರಿ ಮತ್ತೆ ಕೆಳಗಿಳಿಯಿತು. ಕಂಬಕ್ಕೆ ಒರಗಿ ಕುಳಿತು ನೋಡುತ್ತಿದ್ದ ಅವ್ವ ತಡೆಯಲಾರದೆ ಅಂದಳು: "ಪಾಪ, ದಾಟಾಕ ಬರವಲ್ದವ್ವಾ ಅದಕ. ಎತ್ತಿ ಆಚಿಕಡೆ ಬಿಡ್ಲೇನು?"

ಬಗ್ಗಿ ಎತ್ತಬಾರದೆಂದೇ ಆ ಯಂತ್ರ ತಂದದ್ದು. ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ದಿನಕ್ಕೆ ಎರಡು ಹೊತ್ತು ಕಸಬರಿಗೆ ಹಿಡಿದು ಸೊಂಟ ಬಗ್ಗಿಸಿ ಕಸ ಹೊಡೆದವಳು, ಮಂಡಿಯೂರಿ ನೆಲ ಒರೆಸಿದವಳು. ಹೋದ ವರ್ಷ ಡಾಕ್ಟರು ಬಗ್ಗುವುದನ್ನು ಬಿಡಿ ಎಂದರು. ಅವಳು ಬಿಡಲಿಲ್ಲ. ಕಸ ಬಿದ್ದ ಮನೆಯಲ್ಲಿ ಕೂಡುವುದು ಅವಳಿಂದಾಗದು. ಗುಡಿಸುವ, ಒರೆಸುವ ಎರಡೂ ಕೆಲಸ ಮಾಡುವ ರೋಬಾಟ್ ಒಂದನ್ನು ನಾನು ಕೊಂಡದ್ದು ಈ ಕಾರಣಕ್ಕೆ. ಕೊಳ್ಳುವ ಮುಂಚೆ ಓದಿದ, ನೋಡಿದ ವಿಮರ್ಶೆಗಳಲ್ಲೆಲ್ಲ ಒಂದೇ ಬಗೆಯ ಮನೆ: ಈ ಕೊನೆಯಿಂದ ಆ ಕೊನೆಗೆ ಸಪಾಟಾದ ಟೈಲ್ಸ್, ನಡುವೆ ಒಂದು ದಪ್ಪ ಕಾರ್ಪೆಟ್. ಅದನ್ನೇ ಅವರು 'ಮಿಶ್ರ ನೆಲ' ಅನ್ನುತ್ತಾರೆ. ನಮ್ಮ ಕಡೆಯ ಮಿಶ್ರ ನೆಲದ ಲೆಕ್ಕವೇ ಬೇರೆ. ಒಂದೇ ಮನೆಯಲ್ಲಿ ಶಹಾಬಾದ್ ಫರಸಿ, ಅದರಾಚೆ ಹೊಸದಾಗಿ ಹಾಕಿಸಿದ ಟೈಲ್ಸ್, ಅಡಿಗೆಮನೆಯಲ್ಲಿ ಕಡಪಾ ಕಲ್ಲು, ಹಿತ್ತಲ ಕೋಣೆಯಲ್ಲಿ ಹೆಂಡಿ ಸಾರಿಸಿದ ಮಣ್ಣುನೆಲ, ಮೇಲೆ ಜಮಖಾನ, ಕೌದಿ, ಕಂಬಳಿ. ಆದ್ದರಿಂದ ಆರು ವಾರ ಆ ಯಂತ್ರವನ್ನು ಒಣದ್ರಾಕ್ಷಿಯ ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಮೂರು ಮನೆಗಳಲ್ಲಿ ಓಡಿಸಿದೆ. ವಿಜಯಪುರದ ನಮ್ಮ ಮನೆ, ಟಿಕೋಟಾದ ತವರು, ಬಬಲೇಶ್ವರದ ಸೋದರತ್ತೆಯ ಮನೆ.

ನೆಲದ ಬಗ್ಗೆ ನಮ್ಮ ವಿಜಯಪುರಕ್ಕೆ, ಅಂದರೆ ಹಿಂದಿನ ವಿಜಾಪುರಕ್ಕೆ, ಹಳೆಯ ಅಭಿಮಾನವಿದೆ. ಜುಮ್ಮಾ ಮಸೀದಿಯ ಒಳಗೆ ಹೋಗಿ ನೋಡಿದವರಿಗೆ ಗೊತ್ತು: ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚಾಪೆಯಷ್ಟು ಜಾಗದಂತೆ ಸುಮಾರು 2,250 ಚೌಕಗಳಿವೆ. 1686ರಲ್ಲಿ ವಿಜಾಪುರ ಗೆದ್ದ ಔರಂಗಜೇಬನ ಕಾಲದವು ಅವು. ಹಾಸನ್ನೇ ನೆಲದಲ್ಲಿ ಬರೆದಿಟ್ಟ ಹಾಗೆ ಕಾಣುತ್ತದೆ. ಅಸರ ಮಹಲಿನ ಹಳೆಯ ರತ್ನಗಂಬಳಿಗಳು ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿವೆ. ನವಲಗುಂದದ ಜಮಖಾನ ನೇಯುವವರ ಹಿರಿಯರು ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದಲೇ ಹೋದವರು ಎಂದು ಅವರ ಮನೆತನಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ನಮ್ಮ ಹಾಲಿನಲ್ಲಿ ಹಾಸಿರುವ ಜಮಖಾನ ನವಲಗುಂದದ್ದೇ. ಅವ್ವ ನನ್ನ ಮದುವೆಗೆ ಕೊಟ್ಟದ್ದು. ಯಂತ್ರಕ್ಕೆ ನಾನಿಟ್ಟ ಮೊದಲ ಪರೀಕ್ಷೆಯೂ ಅದೇ.

ಯಂತ್ರದ ಕಥೆ ದೊಡ್ಡದೇನಲ್ಲ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಊದುವ ಬದಲು ಎಳೆದುಕೊಳ್ಳುವ ಯಂತ್ರ ಮಾಡಿದ. ಅದನ್ನು ಕುದುರೆಗಾಡಿಯ ಮೇಲೆ ಹೇರಿಕೊಂಡು ಮನೆಮುಂದೆ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗೆ ಬಿಡುತ್ತಿದ್ದರು. ನಮ್ಮ ದೇಶದಲ್ಲಿ ವ್ಯಾಕ್ಯೂಮ್ ಕ್ಲೀನರನ್ನು ಮನೆಬಾಗಿಲಿಗೆ ತಂದು ಓಡಿಸಿ ತೋರಿಸಿದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್. ತಾನೇ ಓಡಾಡುವ ಯಂತ್ರ ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ಟ್ರೈಲೋಬೈಟ್. ಮರುವರ್ಷ ಅಮೆರಿಕದ ಐರೋಬಾಟ್ ಕಂಪನಿಯ ರೂಂಬಾ ಬಂತು, ಬೆಲೆ ಕಡಿಮೆಯಿದ್ದುದರಿಂದ ಮನೆಮನೆ ಸೇರಿತು. ಇವತ್ತು ಅಂಗಡಿಯಲ್ಲಿ ಹದಿನೈದು ಸಾವಿರದಿಂದ ಲಕ್ಷ ದಾಟುವ ತನಕ ಬೆಲೆಯ ಯಂತ್ರಗಳಿವೆ.

ಅದು ಕೆಲಸ ಮಾಡುವ ಬಗೆ ತಿಳಿದರೆ ನಮ್ಮ ಮನೆಯಲ್ಲಿ ಎಲ್ಲಿ ಎಡವುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು. ತಲೆಯ ಮೇಲಿನ ಪುಟ್ಟ ಗೋಪುರದಲ್ಲಿ ಲೇಸರ್ ಕಿರಣ ಗಿರಗಿರನೆ ಸುತ್ತುತ್ತ ಗೋಡೆ, ಕಂಬ, ಮಂಚದ ಕಾಲು ಎಷ್ಟು ದೂರ ಎಂದು ಅಳೆದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ. ಹೊಟ್ಟೆಯ ಕೆಳಗೆ ಒಂದು ಉರುಳೆ ಬ್ರಶ್, ಪಕ್ಕದಲ್ಲಿ ಮೂಲೆಯ ಕಸ ಒಳಗೆಳೆಯುವ ಮೀಸೆ, ಒಳಗೆ ಗಾಳಿ ಎಳೆಯುವ ಫ್ಯಾನು, ಧೂಳು ತಡೆಯುವ ಫಿಲ್ಟರು. ಹಿಂದೆ ಒದ್ದೆ ಬಟ್ಟೆ. ಕಡಿಮೆ ಬೆಲೆಯದು ಆ ಬಟ್ಟೆಯನ್ನು ಸುಮ್ಮನೆ ಎಳೆದುಕೊಂಡು ಹೋಗುತ್ತದೆ, ತುಸು ಮೇಲಿನದರಲ್ಲಿ ಎರಡು ದುಂಡು ಬಟ್ಟೆಗಳು ತಿರುಗುತ್ತ ತಿಕ್ಕುತ್ತವೆ. ಜಮಖಾನ ಬಂದಾಗ ಅವನ್ನು ಸುಮಾರು ಒಂದು ಸೆಂಟಿಮೀಟರ್ ಮೇಲಕ್ಕೆತ್ತಿಕೊಳ್ಳುವ ಯಂತ್ರಗಳೂ ಇವೆ. ನಾನು ಕೊಂಡದ್ದು ಆ ಬಗೆಯದು. ಮೆಟ್ಟಿಲಿಂದ ಬೀಳದಿರಲಿ ಎಂದು ಹೊಟ್ಟೆಯಡಿ ಕಣ್ಣಿಗೆ ಕಾಣದ ಬೆಳಕು ಬಿಡುವ ಸಾಧನಗಳಿರುತ್ತವೆ. ನೆಲಕ್ಕೆ ತಾಗಿ ಬೆಳಕು ಮರಳಿ ಬಂದರೆ ನೆಲವುಂಟು, ಬರದಿದ್ದರೆ ಮುಂದೆ ತಗ್ಗು.

ಈ ಕೊನೆಯ ಸಂಗತಿಯೇ ವಿಜಯಪುರದ ನಮ್ಮ ಮನೆಯಲ್ಲಿ ಮೊದಲ ದಿನ ಕಾಡಿದ್ದು. ಹಾಲಿನಲ್ಲಿ ಬಿಳಿ ಟೈಲ್ಸ್, ಅಡಿಗೆಮನೆಯ ಬಾಗಿಲಲ್ಲಿ ಒಂದು ಗೇಣು ಅಗಲ ಕಪ್ಪು ಕಡಪಾ ಪಟ್ಟಿ. ಕಪ್ಪು ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ಯಂತ್ರ ಆ ಪಟ್ಟಿಯ ಅಂಚಿಗೆ ಬಂದು ಬಾವಿಯ ದಂಡೆಗೆ ಬಂದ ಕೂಸಿನ ಹಾಗೆ ಗಕ್ಕನೆ ನಿಂತಿತು. ಅಡಿಗೆಮನೆ ಅದರ ನಕ್ಷೆಯಲ್ಲೇ ಬರಲಿಲ್ಲ. ಆ ಸಾಧನಗಳ ಮೇಲೆ ಬಿಳಿ ಕಾಗದ ಅಂಟಿಸಿದರೆ ದಾಟುತ್ತದೆ ಎಂದು ಒಬ್ಬರು ಹೇಳಿದರು. ದಾಟುತ್ತದೆ ನಿಜ, ಮೆಟ್ಟಿಲನ್ನೂ ದಾಟಿ ಕೆಳಗೆ ಬೀಳುತ್ತದೆ. ನಾನು ಹಾಗೆ ಮಾಡಲಿಲ್ಲ. ಪಟ್ಟಿಯ ಮೇಲೆ ತಿಳಿ ಬಣ್ಣದ ತೆಳ್ಳನೆಯ ರಬ್ಬರ್ ಹಾಳೆ ಹಾಸಿದೆ, ದಾಟಿತು. ಮನೆಯ ತುಂಬ ಕಡಪಾ ಹಾಕಿಸಿದವರು ಕೊಳ್ಳುವ ಮುನ್ನ ತಮ್ಮ ನೆಲದ ಮೇಲೆ ಓಡಿಸಿ ತೋರಿಸಲು ಕೇಳಲೇಬೇಕು.

ಅಡಿಗೆಮನೆಯಲ್ಲಿ ಕಾದಿದ್ದದ್ದು ಜೋಳದ ಹಿಟ್ಟು. ನಮ್ಮಲ್ಲಿ ಮುಂಜಾನೆ ರೊಟ್ಟಿ ಬಡಿಯುವುದು ನೆಲದ ಮೇಲೆ ಕುಳಿತೇ. ಕೊಣಮಿಗೆಯ ಸುತ್ತ ಹಿಟ್ಟು ಉದುರುತ್ತದೆ, ಒಲೆಯ ಕಡೆ ಸಣ್ಣ ಸಣ್ಣ ನೀರಹನಿ. ಅಲ್ಲಿ ಮೊದಲ ಸಲ ಗುಡಿಸುವ, ಒರೆಸುವ ಎರಡೂ ಕೆಲಸವನ್ನು ಒಟ್ಟಿಗೆ ಕೊಟ್ಟೆ. ಯಂತ್ರದ ಮುಂಭಾಗ ಹಿಟ್ಟು ಎಳೆದುಕೊಳ್ಳುವಷ್ಟರಲ್ಲಿ ಅಂಚಿನಲ್ಲಿ ಉಳಿದದ್ದನ್ನು ಹಿಂದಿನ ಒದ್ದೆ ಬಟ್ಟೆ ಕಲಸಿ ಲೇಪ ಮಾಡಿತು. ಒಣಗಿದ ಮೇಲೆ ನೆಲದ ತುಂಬ ಬಿಳಿ ವರ್ತುಲಗಳು. ಮರುದಿನದಿಂದ ಮೊದಲು ಒಣ ಓಟ, ಅರ್ಧ ಗಂಟೆ ಬಿಟ್ಟು ಒದ್ದೆ ಓಟ. ಆಗ ನೆಲ ಚೊಕ್ಕ ಆಯಿತು. ಅವ್ವ ಕಲಿಸಿದ್ದೂ ಇದನ್ನೇ. ಕಸ ಹೊಡೆಯದೆ ನೆಲ ಒರೆಸಿದರೆ ಬೈಸಿಕೊಳ್ಳುತ್ತಿದ್ದೆವು.

ಜಮಖಾನದ ಪರೀಕ್ಷೆಯಲ್ಲಿ ಅದು ಅರ್ಧ ಪಾಸಾಯಿತು. ಯಂತ್ರ ಬಿಡುವ ಶಬ್ದದ ಅಲೆಯನ್ನು ಗಟ್ಟಿ ನೆಲ ತಿರುಗಿ ಕಳಿಸುತ್ತದೆ, ಮೆತ್ತನೆಯ ಹಾಸು ಹೀರಿಕೊಳ್ಳುತ್ತದೆ. ಯಂತ್ರ ಹಾಸನ್ನು ಗುರುತಿಸುವುದು ಹೀಗೆ. ದಪ್ಪ ಕಾರ್ಪೆಟ್ಟಿಗೆ ಈ ಉಪಾಯ ಚೆನ್ನ. ನವಲಗುಂದದ ಜಮಖಾನ ಬಿಗಿ ನೇಯ್ಗೆಯ ಹತ್ತಿಯದು, ನೆಲಕ್ಕಂಟಿ ಮಲಗುತ್ತದೆ. ನಾಲ್ಕು ಸಲದಲ್ಲಿ ಮೂರು ಸಲ ಯಂತ್ರ ಅದನ್ನು ಗುರುತಿಸಿ ಬಟ್ಟೆ ಎತ್ತಿಕೊಂಡಿತು. ನಾಲ್ಕನೆಯ ಸಲ ಗುರುತಿಸದೆ ಅದರಲ್ಲಿ ನೇಯ್ದ ಕೆಂಪು ನವಿಲಿನ ಮೇಲೆ ಒದ್ದೆ ಬಟ್ಟೆ ಎಳೆದುಕೊಂಡು ಹೋಯಿತು. ನನ್ನ ಎದೆ ಧಸಕ್ಕೆಂದಿತು. ಬಣ್ಣ ಬಿಡಲಿಲ್ಲ, ಆದರೆ ಆವತ್ತೇ ಮೊಬೈಲಿನ ನಕ್ಷೆಯಲ್ಲಿ ಜಮಖಾನದ ಸುತ್ತ ಗೆರೆ ಎಳೆದು ಒದ್ದೆ ಓಟಕ್ಕೆ ಆ ಜಾಗ ಬಂದ್ ಮಾಡಿದೆ. ಅಂಚಿನ ದಸಿಗಳು ಬ್ರಶ್ಶಿಗೆ ಸುತ್ತಿಕೊಳ್ಳುವುದರಿಂದ ಅವನ್ನು ಒಳಕ್ಕೆ ಮಡಿಚಿ ಇಡುತ್ತಿದ್ದೆ.

ನಮ್ಮ ಮನೆಗೆ ಕಸಾ-ಮುಸುರಿಗೆ ಬರುವ ಅಕ್ಕ ಮೊದಲ ದಿನ ಯಂತ್ರವನ್ನು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾರ, ಇನ್ನ ನಾ ಬರೂದು ಬ್ಯಾಡೇನ್ರಿ?" ಯಂತ್ರ ತರುವಾಗ ಅವ್ವನ ಸೊಂಟ ಕಂಡಿತ್ತು, ಇವಳ ಸಂಬಳ ಕಂಡಿರಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು. ನಮ್ಮೂರಲ್ಲಿ ನಾಲ್ಕೈದು ಮನೆಯ ಕಸ-ಮುಸುರಿಯ ಮೇಲೆ ಒಂದು ಸಂಸಾರ ನಡೆಯುತ್ತದೆ, ಮಕ್ಕಳ ಸಾಲಿಯ ಫೀ ಹೋಗುತ್ತದೆ. ಅವಳ ಪಗಾರದಲ್ಲಿ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ ಎಂದು ಆವತ್ತೇ ಹೇಳಿದೆ. ಯಂತ್ರ ಓಡಿದ ದಿನ ಅವಳು ಮೂಲೆ, ಮೆಟ್ಟಿಲು, ಬಚ್ಚಲು, ಪಾತ್ರೆ ಮುಗಿಸಿ ಅರ್ಧ ತಾಸು ಮೊದಲು ಹೋಗುತ್ತಿದ್ದಳು. ಯಂತ್ರದ ತಪ್ಪುಗಳನ್ನು ನನಗಿಂತ ಚುರುಕಾಗಿ ಹಿಡಿದವಳೂ ಅವಳೇ. "ಮೈ ಗುಂಡಗೈತ್ರಿ ಇದರದು, ಮೂಲಿ ಹೆಂಗ ಮುಟ್ಟತೈತಿ?" ಎಂದು ಟ್ರಂಕಿನ ಹಿಂದಿನ ಮೂಲೆಯಿಂದ ಹಿಡಿ ಧೂಳು ತೆಗೆದು ತೋರಿಸಿದಳು.

ಟಿಕೋಟಾ ಇರುವುದು ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಫೆಬ್ರುವರಿಯಿಂದ ಏಪ್ರಿಲ್ ತನಕ ಅಲ್ಲಿ ಎತ್ತ ನೋಡಿದರೂ ದ್ರಾಕ್ಷಿಯ ಗದ್ದಲ. ಕೊಯ್ದ ಗೊನೆಗಳನ್ನು ಔಷಧದ ನೀರಲ್ಲಿ ಅದ್ದಿ ಶೆಡ್ಡುಗಳ ನೆರಳಲ್ಲಿ ಬಲೆಯ ಮೇಲೆ ಹರವುತ್ತಾರೆ. ಒಣಗಿದ ಮೇಲೆ ಉದುರಿಸಿ, ಆರಿಸಿ ಡಬ್ಬಿ ತುಂಬುತ್ತಾರೆ. ನಮ್ಮ ಮನೆಯ ಪಡಸಾಲೆಯ ಒಂದು ಬದಿಗೆ ಆ ಡಬ್ಬಿಗಳ ಸಾಲು. ನೆಲ ಫರಸಿಯದು. ಶಹಾಬಾದ್ ಕಲ್ಲಾದರೂ ಅಷ್ಟೇ, ನಮ್ಮ ಜಿಲ್ಲೆಯದೇ ತಾಳಿಕೋಟೆ ಕಲ್ಲಾದರೂ ಅಷ್ಟೇ. ಪದರ ಪದರವಾಗಿ ಎಬ್ಬಿಸಿದ ಸುಣ್ಣಕಲ್ಲದು, ಟೈಲ್ಸಿನ ಹಾಗೆ ಸಪಾಟಿರುವುದಿಲ್ಲ. ಒಂದೊಂದು ಚಪ್ಪಡಿಗೆ ಒಂದೊಂದು ಏರು, ಒಂದೊಂದು ತಗ್ಗು, ನಡುವೆ ಸಿಮೆಂಟು ಕಿತ್ತುಹೋದ ಸಂದು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು, ಕಣ್ಣಿಗೂ ತಂಪು. ನನಗೆ ಇವತ್ತಿಗೂ ಟೈಲ್ಸಿಗಿಂತ ಅದೇ ಇಷ್ಟ.

ಅಲ್ಲಿನ ಧೂಳು ಎರೆಮಣ್ಣಿನದು. ಬಸಾಲ್ಟ್ ಕಲ್ಲು ಸಾವಿರಾರು ವರ್ಷ ಸವೆದು ಆದ ಜಿಗುಟು ಮಣ್ಣು. ಒಣಗಿದಾಗ ಬಿರುಕು ಬಿಟ್ಟು ಹಿಟ್ಟಿನಷ್ಟು ನುಣ್ಣಗೆ ಹಾರುತ್ತದೆ, ನೀರು ಬಿದ್ದರೆ ಹಿಗ್ಗಿ ಅಂಟಿಕೊಳ್ಳುತ್ತದೆ. ಟ್ರ್ಯಾಕ್ಟರ್ ಒಂದು ಹಾದುಹೋದರೆ ಸಾಕು, ಈಗತಾನೆ ಒರೆಸಿದ ಫರಸಿಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಯಂತ್ರದ ಡಬ್ಬಿಯ ಮೇಲೆ ಇಷ್ಟು ಸಾವಿರ ಪ್ಯಾಸ್ಕಲ್ ಎಳೆತ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಫ್ಯಾನಿನ ಒತ್ತಡದ ಲೆಕ್ಕ ಮಾತ್ರ. ಎರೆಯ ಧೂಳು ಎರಡು ಓಟದಲ್ಲಿ ಫಿಲ್ಟರಿನ ಮಡಿಕೆಗಳನ್ನು ತುಂಬಿ ಮುಚ್ಚುತ್ತದೆ, ಗಾಳಿಯೇ ಒಳಗೆ ಬರದಿದ್ದರೆ ಪ್ಯಾಸ್ಕಲ್ ತೆಗೆದುಕೊಂಡು ಏನು ಮಾಡುವುದು? ಟಿಕೋಟಾದಲ್ಲಿ ಪ್ರತಿದಿನ ಫಿಲ್ಟರ್ ತೆಗೆದು ಅಂಗಳದ ಕಲ್ಲಿಗೆ ಮೆಲ್ಲಗೆ ತಟ್ಟಬೇಕಾಯಿತು. ತೊಳೆಯಬಹುದಾದ ಫಿಲ್ಟರು, ಜೊತೆಗೆ ಒಂದು ಹೆಚ್ಚಿನದು ಇದ್ದರೆ ಮಾತ್ರ ನಮ್ಮ ಕಡೆ ಬದುಕು ನಡೆದೀತು. ತೊಳೆದದ್ದು ಪೂರ್ತಿ ಒಣಗಲು ಒಂದು ದಿನ ಬೇಕು, ಹಸಿ ಫಿಲ್ಟರು ಹಾಕಿದರೆ ಧೂಳು ಅಲ್ಲೇ ಕೆಸರಾಗುತ್ತದೆ.

ಫರಸಿಯ ಮೇಲೆ ಗುಡಿಸುವುದರಲ್ಲಿ ಅದು ಸೋಲಲಿಲ್ಲ. ಸಂದಿನ ಮಣ್ಣನ್ನು ಕಸಬರಿಗೆ ಬಿಟ್ಟುಹೋಗುತ್ತದೆ, ಇದು ಎಳೆದುಕೊಂಡಿತು. ಒರೆಸುವುದರಲ್ಲಿ ಸೋತಿತು. ಬಟ್ಟೆ ಕಲ್ಲಿನ ಏರುಗಳನ್ನಷ್ಟೇ ಸವರಿ ತಗ್ಗುಗಳನ್ನು ಬಿಟ್ಟಿತು. ಅವ್ವ ಅಂಗಾಲಿಂದ ನೆಲ ಸವರಿ ನೋಡಿ, "ಕಸಾ ಹೊಡ್ಯಾಕ ಶಾಣ್ಯಾ ಐತಿ. ಒರಸೂದು ಇನ್ನಾ ಕಲೀಬೇಕು" ಎಂದಳು. ಆರು ವಾರದಲ್ಲಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳೆಲ್ಲ ಆ ಎರಡು ಮಾತಿನಲ್ಲಿ ಬಂದಿದ್ದವು.

ಮೂರನೆಯ ದಿನ ಡಬ್ಬಿಯಿಂದ ಉದುರಿದ ಒಂದು ಒಣದ್ರಾಕ್ಷಿ ಉರುಳೆಯೊಳಗೆ ಸಿಕ್ಕಿತು. ಯಂತ್ರ ಅದನ್ನು ನುಂಗಲಿಲ್ಲ, ಉಗುಳಲಿಲ್ಲ, ಜಜ್ಜಿ ಬ್ರಶ್ಶಿಗೆ ಮೆತ್ತಿಕೊಂಡು ಮನೆಯೆಲ್ಲ ತಿರುಗಿತು. ಅದು ಓಡಿದಲ್ಲೆಲ್ಲ ಅಂಟು, ಅಂಟಿದಲ್ಲೆಲ್ಲ ಧೂಳು, ಸಂಜೆಗೆ ಇರುವೆಯ ಸಾಲು. ತಲೆಗೂದಲು, ದಾರ, ಅಂಟಾದ ದ್ರಾಕ್ಷಿ ಸೇರಿ ಆ ಉರುಳೆ ಬತ್ತಿಯ ಹಾಗಾಗಿತ್ತು. ಅವ್ವನೂ ನಾನೂ ಅಂಗಳದಲ್ಲಿ ಕುಳಿತು ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು, ಸೂಜಿ ಹಿಡಿದು ಒಂದು ತಾಸು ಬಿಡಿಸಿದೆವು. ಆ ಕೆಲಸಕ್ಕೆ ಬಗ್ಗಬೇಕಾಗಲಿಲ್ಲ. ಅವ್ವ ಮಣೆಯ ಮೇಲೆ ಕುಳಿತು ಹೂ ಕಟ್ಟುವಷ್ಟು ತಾಳ್ಮೆಯಿಂದ ಒಂದೊಂದೇ ಕೂದಲು ತೆಗೆದಳು.

ನೀರಿನ ಮಾತೂ ಇದೆ. ನಮ್ಮ ಕಡೆಯ ಬೋರಿನ ನೀರು ಗಡಸು, ಎಷ್ಟೋ ಕಡೆ ಸವಳು. ಡೋಣಿ ನದಿಯ ನೀರೇ ಉಪ್ಪು. ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂಡುವುದನ್ನು ದಿನಾ ನೋಡುತ್ತೇವೆ. ಯಂತ್ರದ ತೊಟ್ಟಿಯಿಂದ ಬಟ್ಟೆಗೆ ನೀರು ಬರುವ ಕೊಳವೆ ಸೂಜಿಯಷ್ಟು ಸಣ್ಣದು. ಬೋರಿನ ನೀರು ಹಾಕಿದರೆ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುವುದು ಖಂಡಿತ. ಕುಡಿಯುವ ಶುದ್ಧ ನೀರನ್ನೇ ಹಾಕಬೇಕು. ಒಂದು ಓಟಕ್ಕೆ ಬೇಕಾಗುವುದು ಒಂದು ತಂಬಿಗೆಗಿಂತ ಕಡಿಮೆ. ಫಿನೈಲ್ ಮಾತ್ರ ಬೇಡ, ರಬ್ಬರನ್ನು ತಿನ್ನುತ್ತದೆ.

ಸಾರವಾಡದ ಹತ್ತಿರ ಡೋಣಿ ದಾಟಿ ಬಬಲೇಶ್ವರಕ್ಕೆ ಹೋದಾಗ ಹೊಲದಲ್ಲಿ ಹಿಂಗಾರಿ ಜೋಳ ಕಿತ್ತು ರಾಶಿಗೆ ತಯಾರಿ ನಡೆದಿತ್ತು. ಸೋದರತ್ತೆಯದು ಹಳೆಯ ಮಾಳಿಗೆ ಮನೆ. ಮುಂದಿನ ಎರಡು ಕೋಣೆಗೆ ಮಗ ಟೈಲ್ಸ್ ಹಾಕಿಸಿದ್ದಾನೆ. ಹಿಂದಿನ ಕಾಳಿನ ಕೋಣೆ, ದೇವರ ಜಗಲಿ ಇರುವ ಕೋಣೆ ಎರಡನ್ನೂ ಅತ್ತೆ ಮುಟ್ಟಗೊಟ್ಟಿಲ್ಲ. ಅವು ಹೆಂಡಿ ಸಾರಿಸಿದ ನೆಲ.

ಆ ನೆಲವನ್ನು ಹತ್ತಿರದಿಂದ ನೋಡಿ. ಅತ್ತೆ ಕೈ ಬೀಸಿದ ಅರ್ಧಚಂದ್ರದ ಗುರುತುಗಳು ಒಂದರ ಮೇಲೊಂದು, ಮೀನಿನ ಹುರುಪೆಯ ಹಾಗೆ, ಬಾಗಿಲಿನಿಂದ ಜಗಲಿಯ ತನಕ. ಪ್ರತಿ ಬೀಸಿನ ಕೊನೆಯಲ್ಲಿ ನಾಲ್ಕು ಬೆರಳಿನ ಸಣ್ಣ ಗೀರು. ಹೆಂಡಿಯ ನಾರು ಮಣ್ಣನ್ನು ಹಿಡಿದಿಡುತ್ತದೆ, ಧೂಳೇಳಗೊಡುವುದಿಲ್ಲ. ಅಮಾವಾಸ್ಯೆಗೆ, ಹುಣ್ಣಿಮೆಗೆ, ಹಬ್ಬಕ್ಕೆ ಸಾರಿಸಲೇಬೇಕು. ಇಲ್ಲಿ ಒದ್ದೆ ಬಟ್ಟೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಒಣ ಓಟವನ್ನಾದರೂ ನೋಡೋಣವೆಂದು ಅತ್ತೆಯ ಅಪ್ಪಣೆ ಕೇಳಿ ಕಾಳಿನ ಕೋಣೆಯ ಒಂದು ಮೂಲೆಯಲ್ಲಿ ಬಿಟ್ಟೆ. ಬಿದ್ದಿದ್ದ ಜೋಳದ ಕಾಳನ್ನು ಟಕಟಕ ಎಳೆದುಕೊಂಡಿತು. ಆದರೆ ತಿರುಗುವಾಗ ಗಾಲಿ ಒತ್ತಿದ ಕಡೆ ಹೆಂಡಿಯ ಪದರ ಎದ್ದು, ಉರುಳೆ ಅದನ್ನೂ ಕೆರೆದುಕೊಂಡಿತು. ಡಬ್ಬಿ ತೆರೆದರೆ ಕಾಳಿಗಿಂತ ನೆಲವೇ ಹೆಚ್ಚಿತ್ತು. ಕೂಡಲೇ ನಿಲ್ಲಿಸಿದೆ. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಕಾಳನ್ನು ಮೊರಕ್ಕೆ ಸುರುವಿಕೊಂಡು, "ಈ ನೆಲಕ್ಕ ಕೈನ ಬೇಕವ್ವಾ. ಮುಂದಿನ ಖೋಲ್ಯಾಗ ಓಡಲಿ ಬಿಡು, ಅಲ್ಲಿ ನನಗ ಬಗ್ಗಾಕ ಆಗೂದಿಲ್ಲ" ಎಂದಳು. ಟೈಲ್ಸಿನ ಕೋಣೆಗಳಲ್ಲಿ ಅದು ಮಂಚದ ಕೆಳಗೆ ಹೊಕ್ಕು ಎಷ್ಟು ತಿಂಗಳ ಧೂಳನ್ನು ತಂದಿತೆಂದರೆ, ಅತ್ತೆ ಆ ಡಬ್ಬಿಯನ್ನು ಸೊಸೆಗೆ ಒಯ್ದು ತೋರಿಸಿದಳು. ಯಂತ್ರ ಹೊರಗೆ ಹೋಗಿ ಅಂಗಳದ ರಂಗೋಲಿ ಅಳಿಸೀತೆಂಬ ಭಯ ನನಗಿತ್ತು. ಅದರ ನಕ್ಷೆಯಲ್ಲಿ ತಲೆಬಾಗಿಲ ಹತ್ತಿರ ಗೆರೆ ಎಳೆದು ಇಟ್ಟೆ.

ಹಾಗಾದರೆ ಕೊಳ್ಳಬೇಕೋ ಬೇಡವೋ ಎಂದು ಕೇಳಿದವರಿಗೆ ನಾನು ಹೇಳುತ್ತಿರುವುದು ಇಷ್ಟು. ಮೊದಲು ಸ್ಕೇಲು ಹಿಡಿದು ಹೊಸ್ತಿಲು ಅಳೆಯಿರಿ. ಸಾಮಾನ್ಯ ಯಂತ್ರಗಳು ದಾಟುವುದು ಎರಡು ಸೆಂಟಿಮೀಟರಿನಷ್ಟು. ಕಾಲಿನಂತಹ ಭಾಗ ಚಾಚಿ ಹೆಚ್ಚು ಎತ್ತರ ಏರುವ ಯಂತ್ರಗಳು ಈಗ ಬಂದಿವೆ, ಬೆಲೆ ಬಹಳ. ಮಂಚ, ಕಪಾಟಿನ ಕೆಳಗಿನ ಸಂದು ಹತ್ತು ಹನ್ನೊಂದು ಸೆಂಟಿಮೀಟರ್ ಇಲ್ಲದಿದ್ದರೆ ಗೋಪುರವಿರುವ ಯಂತ್ರ ಒಳಗೆ ಹೋಗದು. ಬಟ್ಟೆ ಎತ್ತಿಕೊಳ್ಳದ ಯಂತ್ರ ಜಮಖಾನದ ಮನೆಗೆ ಬೇಡವೇ ಬೇಡ. ತಾನೇ ಕಸ ಖಾಲಿ ಮಾಡಿಕೊಂಡು ಬಟ್ಟೆ ತೊಳೆದುಕೊಳ್ಳುವ ದೊಡ್ಡ ಪೆಟ್ಟಿಗೆಯ ಯಂತ್ರಗಳಿಗೆ ದುಡ್ಡು ಹಾಕುವ ಮುಂಚೆ ನೀರು, ಕರೆಂಟು, ಚೀಲದ ಖರ್ಚು ಲೆಕ್ಕ ಹಾಕಿ. ಕ್ಯಾಮೆರಾ ಇದೆಯೇ ಎಂದು ಕೇಳಿ. ಹೆಣ್ಣುಮಕ್ಕಳು ಓಡಾಡುವ ಮನೆಯಲ್ಲಿ ಲೇಸರ್ ಮಾತ್ರ ಇರುವ ಯಂತ್ರ ಸಾಕು. ಮೈಮೇಲೆಯೇ ಗುಂಡಿ ಇರಲಿ, ಮೊಬೈಲ್ ಇಲ್ಲದೆಯೂ ಓಡಬೇಕು. ರೂಂಬಾ ಮಾಡಿದ ಐರೋಬಾಟ್ ಕಂಪನಿಯೇ 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಆದ್ದರಿಂದ ಬ್ರಶ್ಶು, ಫಿಲ್ಟರು, ಬ್ಯಾಟರಿ ಎಲ್ಲಿ ಸಿಗುತ್ತವೆ, ರಿಪೇರಿಗೆ ಯಾವ ಊರಿಗೆ ಕಳಿಸಬೇಕು ಎಂಬುದನ್ನು ಬಿಲ್ ಮಾಡಿಸುವ ಮುಂಚೆಯೇ ಬರೆಸಿಕೊಳ್ಳಿ. ನನ್ನ ಯಂತ್ರದ ಪಕ್ಕದ ಮೀಸೆ ಎರಡನೆಯ ವಾರವೇ ಮುರಿಯಿತು. ಬೇರೆಯದು ಬರಲು ಹದಿನೆಂಟು ದಿನ ಬೇಕಾಯಿತು.

ಒಬ್ಬಳೇ ಇರುವ ವಯಸ್ಸಾದ ಹೆಂಗಸಿನ ಮನೆಗೆ, ನೆಲ ಫರಸಿಯದಾದರೂ, ಇದು ಇರಲಿ ಅನ್ನುತ್ತೇನೆ. ಗುಡಿಸುವ ಅರ್ಧ ಕೆಲಸ ಕಡಿಮೆಯಾದರೂ ದಿನಕ್ಕೆ ಎಷ್ಟು ಸಲ ಬಗ್ಗುವುದು ಉಳಿಯಿತು ಎಂದು ಅವ್ವನ ಜೊತೆಗಿದ್ದು ಕಣ್ಣಾರೆ ನೋಡಿದ್ದೇನೆ.

ಈಗ ಯಂತ್ರ ಟಿಕೋಟಾದಲ್ಲೇ ಇದೆ. ಹೋದ ವಾರ ಬಡಿಗೇರರನ್ನು ಕರೆಸಿದ್ದೆ. ಹೊಸ್ತಿಲ ಎರಡೂ ಬದಿಗೆ ಇಳಿಜಾರು ಹಲಗೆ ಜಡಿದುಬಿಡೋಣ ಎಂಬುದು ನನ್ನ ವಿಚಾರ. ಅವ್ವ ಒಪ್ಪಲಿಲ್ಲ. ಅರಿಷಿಣ-ಕುಂಕುಮ ಹಚ್ಚುವ ಹೊಸ್ತಿಲಿಗೆ ಮೊಳೆ ಹೊಡೆಯಬಾರದು, ಮುಚ್ಚಲೂ ಬಾರದು. ಬಡಿಗೇರರು ಸ್ವಲ್ಪ ಹೊತ್ತು ಕುಳಿತು ಯೋಚಿಸಿದರು. ಹಗುರವಾದ ಎರಡು ಬೇವಿನ ಹಲಗೆ, ಕೆಳಗೆ ರಬ್ಬರು, ಹಿಡಿಯಲು ಉದ್ದನೆಯ ಕೋಲು. ಮುಂಜಾನೆ ಪೂಜೆ ಮುಗಿದ ಮೇಲೆ ಅವ್ವ ನಿಂತಲ್ಲೇ ಕೋಲು ಹಿಡಿದು ಹಲಗೆ ಸರಿಸುವುದು, ಓಟ ಮುಗಿದ ಮೇಲೆ ಗೋಡೆಗೆ ಆನಿಸುವುದು. ಅವ್ವ ಕೋಲಿನ ಎತ್ತರವನ್ನು ತನ್ನ ಸೊಂಟಕ್ಕೆ ಹಿಡಿದು ತೋರಿಸಿದಳು. ಅವರು ಅಲ್ಲಿಗೇ ಪೆನ್ಸಿಲಿನಿಂದ ಗುರುತು ಮಾಡಿಕೊಂಡು ಹೋದರು.